ಚಿಗವ್ವ ಉಂಡ ಹನ್ನೊಂದು ತುತ್ತು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಗುಂಡಗಿಲ್ಲ. ಸಾಲು ನೆಟ್ಟಗೆ ಹೊರಟು ಕೊನೆಗೆ ಕೆಳಗಿಳಿಯುತ್ತದೆ. ಒತ್ತಕ್ಷರ ತಪ್ಪಬಾರದೆಂದು ಎಲ್ಲವನ್ನೂ ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಬಾಯಲ್ಲಿ ಓದಿಕೊಂಡು, ಆಮೇಲೆ ಅದರ ಮೇಲೆ ಪೆನ್ನು ಓಡಿಸಿದ್ದೇನೆ. ಆದರೂ ತಪ್ಪು ಉಳಿದಿರಬಹುದು. ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ಓದು ಎಂದರೆ ಧ್ವನಿ ಹೊರಡುತ್ತಿರಲಿಲ್ಲ. ಒಂದು ದಿನ ಇಡೀ ಪೀರಿಯಡ್ಡು ನಿಂತೇ ಇದ್ದೆ. ಮರುದಿನ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ.

ಮಾನ್ವಿಯ ಗ್ರಂಥಾಲಯದ ಫರ್ಹೀನ್ ಅಕ್ಕ ತಮ್ಮ ಕೈಬರಹದ ಪತ್ರಿಕೆಗೆ ನನ್ನಿಂದಲೂ ಒಂದು ಬರಹ ಕೇಳಿದರು. "ನಿನಗ ಗೊತ್ತಿರೋ ಒಬ್ಬರ ಬಗ್ಗೆ ಬರಿ ದುರ್ಗಾ. ಗೊತ್ತಿಲ್ಲದ್ದು ಬರೀಬ್ಯಾಡ" ಎಂದರು. ನನಗೆ ಗೊತ್ತಿರುವುದು ನನ್ನ ಚಿಗವ್ವ ಮಲ್ಲೇಶ್ವರಿ. ನನ್ನ ಅವ್ವನ ತಂಗಿ. ವಯಸ್ಸು ನಲವತ್ತೊಂದು. ಸರ್ಕಾರಿ ಬಸ್ಸಿನಲ್ಲಿ ಹದಿನಾರು ವರ್ಷದಿಂದ ಕಂಡಕ್ಟರ್. ಮದುವೆಯಾಗಿಲ್ಲ. ಮಾನ್ವಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬಳೇ ಇದ್ದಳು. ಈಗ ಎರಡು ತಿಂಗಳಿಂದ ನಾನೂ ಇದ್ದೇನೆ.

ಬರೆಯಲೋ ಬೇಡವೋ ಎಂದು ಚಿಗವ್ವನನ್ನೇ ಕೇಳಿದೆ. "ಬರಿ. ಹೆಸರೂ ಹಾಕು. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗೇದ" ಎಂದಳು.

ಚಿಗವ್ವ ಮೊದಲು ಬಹಳ ದಪ್ಪಗಿದ್ದಳು. ನೂರಾ ಇಪ್ಪತ್ತೊಂದು ಕೆಜಿ. ಬಸ್ಸಿನಲ್ಲಿ ಜನ ನಿಂತಿದ್ದರೆ ನಡುವೆ ತೂರಿಕೊಂಡು ಹಿಂದಿನ ಸೀಟಿನವರೆಗೆ ಹೋಗುವುದು ಕಷ್ಟವಾಗುತ್ತಿತ್ತು. "ಕಂಡಕ್ಟರ್ ಅವ್ವಗ ಎರಡು ಟಿಕೀಟ್ ಹರೀರಿ" ಎಂದು ಯಾರಾದರೂ ಕೂಗುತ್ತಿದ್ದರು, ಉಳಿದವರು ನಗುತ್ತಿದ್ದರು. ಚಿಗವ್ವನೂ ನಗುತ್ತಿದ್ದಳು. "ಮೂರು ಹರೀತೀನಿ, ಒಂದು ನಿನ್ನ ಬಾಯಿಗೆ" ಎನ್ನುತ್ತಿದ್ದಳು. ಒಂದು ಸಲ ಸಂತೆಯ ದಿನ ಹಿಂದೆ ಕುಳಿತ ನಾಲ್ಕು ಮಂದಿಗೆ ಟಿಕೆಟ್ ಕೊಡುವ ಮೊದಲೇ ತಪಾಸಣೆಯವರು ಬಸ್ಸು ಹತ್ತಿದರು. ಆಕೆಗೆ ನೋಟಿಸು ಬಂತು. ಮೊಣಕಾಲು ನೋಯುತ್ತಿದ್ದವು, ಸಕ್ಕರೆ ಕಾಯಿಲೆಯೂ ಇತ್ತು. ಆದರೆ ಆ ನೋಟಿಸು ಬಂದ ಮೇಲೆಯೇ ಆಕೆ ಹೈದರಾಬಾದಿಗೆ ಹೋದದ್ದು.

ಅಲ್ಲಿ ಹೊಟ್ಟೆಯ ಚೀಲದ ಮುಕ್ಕಾಲು ಭಾಗ ಕತ್ತರಿಸಿ ತೆಗೆದರು. ಉಳಿದದ್ದು ಒಂದು ಬಾಳೆಕಾಯಿಯಷ್ಟು ಕೊಳವೆ ಎಂದು ಚಿಗವ್ವ ಹೇಳುತ್ತಾಳೆ. ಇದು ನಾಲ್ಕು ವರ್ಷದ ಹಿಂದಿನ ಮಾತು. ಮನೆಯಲ್ಲಿ ಆಕೆ ನಿಜ ಹೇಳಲಿಲ್ಲ. ಪಿತ್ತಕೋಶದಲ್ಲಿ ಕಲ್ಲಾಗಿತ್ತು, ತೆಗೆಸಿದೆ ಎಂದಳು. ತೂಕ ಇಳಿಸಲು ಕೊಯ್ಸಿಕೊಂಡೆ ಎಂದರೆ "ಎರಡು ರೊಟ್ಟಿ ಕಮ್ಮಿ ತಿಂದಿದ್ರ ಆಗ್ತಿತ್ತು" ಎಂದು ಎಲ್ಲರೂ ಅನ್ನುತ್ತಾರೆ ಎಂದು ಆಕೆಗೆ ಗೊತ್ತಿತ್ತು.

ಮೊದಲ ವರ್ಷ ಎಲ್ಲರೂ ಹೊಗಳಿದರು. ಎಪ್ಪತ್ತೆರಡು ಕೆಜಿಗೆ ಬಂದಳು. ಸಕ್ಕರೆ ಮಾತ್ರೆ ನಿಂತವು. ಬಸ್ಸಿನಲ್ಲಿ ಮುಂದಿನಿಂದ ಹಿಂದಕ್ಕೆ ಸಲೀಸಾಗಿ ಓಡಾಡಿದಳು. ಎರಡನೆಯ ವರ್ಷ ಎದೆಯಲ್ಲಿ ಉರಿ ಶುರುವಾಯಿತು. ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತಿತ್ತು, ಅದಕ್ಕೆ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುವುದು ರೂಢಿಯಾಯಿತು. ಆಮೇಲೆ ಅನ್ನ ಸಿಕ್ಕಿಹಾಕಿಕೊಳ್ಳತೊಡಗಿತು. ಆಮೇಲೆ ವಾಂತಿ. ಕೂದಲು ಉದುರಿತು. ಬೆರಳ ತುದಿ ಜೋಮು ಹಿಡಿದು, ಚಿಲ್ಲರೆ ಎಣಿಸುವಾಗ ನಾಣ್ಯ ಕೈಯಲ್ಲಿದೆಯೋ ಬಿತ್ತೋ ತಿಳಿಯುತ್ತಿರಲಿಲ್ಲ.

ಮಾನ್ವಿ ನಿಲ್ದಾಣದಲ್ಲಿ ಡ್ರೈವರುಗಳು, ಕಂಡಕ್ಟರುಗಳು ಮಧ್ಯಾಹ್ನ ಬುತ್ತಿ ಬಿಚ್ಚಿ, ಒಬ್ಬರ ಪಲ್ಯ ಒಬ್ಬರು ಹಂಚಿಕೊಂಡು ಉಣ್ಣುತ್ತಾರೆ. ಚಿಗವ್ವನ ಶೇಂಗಾ ಚಟ್ನಿಗೆ ಅಲ್ಲಿ ಕೈ ಚಾಚದವರಿರಲಿಲ್ಲವಂತೆ. ವಾಂತಿ ಶುರುವಾದ ಮೇಲೆ ಆಕೆ ಅಲ್ಲಿಗೆ ಹೋಗುವುದನ್ನು ಬಿಟ್ಟಳು. ಖಾಲಿ ಬಸ್ಸಿನಲ್ಲಿ ಕಿಟಕಿ ಇಳಿಸಿಕೊಂಡು ಕುಳಿತಿರುತ್ತಿದ್ದಳು. ಯಾರಾದರೂ ಕರೆದರೆ "ಉಂಡು ಬಂದೀನ್ರಿ" ಎನ್ನುತ್ತಿದ್ದಳು. ಮದುವೆ, ಕುಬಸ, ತೊಟ್ಟಿಲು, ಎಲ್ಲ ಕಡೆ ಅದೇ ಮಾತು. ಕೊನೆಗೆ ಹೋಗುವುದನ್ನೇ ಬಿಟ್ಟಳು. ಹೋಗದಿದ್ದವರನ್ನು ಜನ ಎರಡು ಸಲ ಕರೆಯುತ್ತಾರೆ, ಮೂರನೆಯ ಸಲ ಮರೆಯುತ್ತಾರೆ.

ಗೊತ್ತಿದ್ದವರು ಒಬ್ಬರೇ, ಆಕೆಯ ಬಸ್ಸಿನ ಡ್ರೈವರ್ ಬುರ್ಹಾನುದ್ದೀನ್ ಕಾಕಾ. ಚೀಕಲಪರ್ವಿಗೆ ಹೋಗುವ ಬಸ್ಸು ಹೊಳೆಯ ಹತ್ತಿರ ಕಾಲು ಗಂಟೆ ನಿಲ್ಲುತ್ತದೆ. ಅಲ್ಲಿ ಜಾಲಿಗಿಡದ ಹಿಂದೆ ಹೋಗಿ ಚಿಗವ್ವ ವಾಂತಿ ಮಾಡಿಕೊಂಡು ಬರುತ್ತಿದ್ದಳು. ಕಾಕಾ ಏನೂ ಕೇಳುತ್ತಿರಲಿಲ್ಲ. ಆಕೆ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ನೀರಿನ ಬಾಟಲಿ ಇಟ್ಟು, ಅತ್ತ ಮುಖ ಮಾಡಿ ಕುಳಿತಿರುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಈ ವರ್ಷ ಒಂದು ಬೆಳಗ್ಗೆ ಚಿಗವ್ವ ಟಿಕೆಟ್ ಕೊಡುತ್ತಲೇ ತಲೆ ತಿರುಗಿ ಬಿದ್ದಳು. ಆಗ ತೂಕ ನಲವತ್ತೊಂಬತ್ತು. ಆಕೆಗೆ ರಜೆ ಹಾಕಿಸಿದರು. ದೇವದುರ್ಗದಿಂದ ನನ್ನನ್ನು ಕಳಿಸಿದ್ದು ನಮ್ಮ ಅಜ್ಜಿ, ಚಿಗವ್ವನ ಅವ್ವ ಬೂದೆಮ್ಮ. "ಮನ್ಯಾಗ ಸುಮ್ಮನ ಕುಂತಿದಿ, ಹೋಗಿ ಅಕಿಗೆ ಅಡಗಿ ಮಾಡಿ ಹಾಕು" ಎಂದಳು.

ನಾವಿಬ್ಬರೂ ಮಾತು ಕಡಿಮೆಯವರು. ಕೋಣೆಯಲ್ಲಿ ಒಂದು ತಟ್ಟೆ, ಒಂದು ಬಟ್ಟಲು, ಒಂದು ಲೋಟ, ಕೂಸಿಗೆ ಉಣಿಸುವಂಥ ಒಂದು ಸಣ್ಣ ಚಮಚ ಇತ್ತು. ಮೊದಲು ಉಣ್ಣುತ್ತಿದ್ದ ದೊಡ್ಡ ಗಂಗಾಳವನ್ನು ಯಾರಿಗೋ ಕೊಟ್ಟುಬಿಟ್ಟಿದ್ದಳು. ನಾನು ಬಂದ ದಿನ ಆಕೆ ಅಂಗಡಿಗೆ ಹೋಗಿ ಇನ್ನೊಂದು ತಟ್ಟೆ ತಂದಳು.

ರಾಯಚೂರಿನಲ್ಲಿ ಒಬ್ಬ ಹೊಟ್ಟೆಯ ಡಾಕ್ಟರ್ ಇದ್ದಾರೆ, ಹೆಣ್ಣುಮಗಳು. ಅವರು ಬಾಯಿಯಿಂದ ಪೈಪು ಬಿಟ್ಟು ಪರೀಕ್ಷೆ ಮಾಡಿದರು. ಕೊಳವೆ ಒಂದು ಕಡೆ ತಿರುಚಿದ ಹಾಗೆ ಕಾಣುತ್ತದೆ, ಆದರೆ ಪೈಪು ದಾಟಿ ಹೋಗುತ್ತದೆ ಎಂದರು. ಅಲ್ಲಿ ಬಲೂನು ಹಾಕಿ ಹಿಗ್ಗಿಸಬಹುದು. ಅದರಿಂದ ಆಗದಿದ್ದರೆ ಇನ್ನೊಮ್ಮೆ ಆಪರೇಷನ್ ಮಾಡಿ, ಮೇಲೆ ಸಣ್ಣ ಚೀಲ ಉಳಿಸಿ, ಕರುಳನ್ನು ತಂದು ಅದಕ್ಕೆ ಜೋಡಿಸಬೇಕು. ಎರಡನೆಯದು ಮೊದಲಿನಷ್ಟು ಸುಲಭವಲ್ಲ ಎಂದೂ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಒಂದು ಕೆಲಸ ಕೊಟ್ಟರು.

"ಮೂವತ್ತು ದಿನ ಬರೀಬೇಕು. ಎಷ್ಟೊತ್ತಿಗೆ ಏನು ಉಂಡ್ರು, ಎಷ್ಟು ತುತ್ತು ಒಳಗ ಹೋತು, ಎಷ್ಟು ತಿರುಗಿ ಬಂತು. ಹೈದರಾಬಾದಿನ ಸರ್ಜನ್ ಇಲ್ಲಿಗೆ ತಿಂಗಳಿಗೆ ಎರಡು ಸೋಮವಾರ ಬರ್ತಾರ. ಅವರು ಅದನ್ನ ನೋಡಿನ ಹೇಳ್ತಾರ. ಇವರ ಕೈ ಜೋಮು ಅದ, ನೀ ಬರಿ."

ನಾನು ತಲೆಯಾಡಿಸಿದೆ. ಎರಡು ಗೆರೆಯ ನೋಟ್‌ಪುಸ್ತಕ ತಂದು ಸ್ಕೇಲಿನಿಂದ ಮನೆ ಹಾಕಿದೆ. ತಾರೀಖು, ಸಮಯ, ಊಟ, ತುತ್ತು, ವಾಂತಿ.

ಈಗ ನಾನು ಮಾಡಿದ ತಪ್ಪನ್ನು ಬರೆಯಬೇಕು. ಈ ಬರಹ ಶುರು ಮಾಡಿದ್ದೇ ಅದಕ್ಕೆ.

ನಮ್ಮ ಮನೆಯಲ್ಲಿ ಉಣ್ಣುವವರ ತುತ್ತು ಎಣಿಸಬಾರದು. ಅಜ್ಜಿ ಸಣ್ಣಂದಿನಿಂದ ಹೇಳಿಕೊಟ್ಟದ್ದು. ಎಣಿಸಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ, ಎಣಿಸಿದವರ ಕಣ್ಣು ಬೀಳುತ್ತದೆ. ಊಟಕ್ಕೆ ಕುಳಿತವರ ತಟ್ಟೆ ನೋಡದೆ, ಮುಖ ನೋಡಿ ಬಡಿಸಬೇಕು. ಮೊದಲ ದಿನ ಚಿಗವ್ವ ಮೆತ್ತಗೆ ಮಾಡಿದ ಅನ್ನ, ತಿಳಿಸಾರು ಹಾಕಿಕೊಂಡು ಕುಳಿತಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಆಕೆ ಕಣ್ಣು ಮುಚ್ಚಿ ಎದೆಗೆ ಕೈ ಒತ್ತಿಕೊಂಡಳು. ನನಗೆ ನಾನೇ ಕಣ್ಣು ಹಾಕಿದ ಹಾಗಾಯಿತು. ಗೋಡೆಯ ಕಡೆ ತಿರುಗಿದೆ. ಪುಸ್ತಕದಲ್ಲಿ "ಅನ್ನ ಒಂದು ಬಟ್ಟಲು" ಎಂದು ಬರೆದೆ. ಬಟ್ಟಲಿನಲ್ಲಿ ಅನ್ನ ಇದ್ದದ್ದು ನಿಜ, ಆದ್ದರಿಂದ ಸುಳ್ಳಲ್ಲ ಎಂದುಕೊಂಡೆ. ಮರುದಿನವೂ ಬಡಿಸಿದ್ದನ್ನೇ ಬರೆದೆ. ತುತ್ತಿನ ಮನೆಯಲ್ಲಿ "ಉಂಡಳು" ಎಂದು ಬರೆದೆ. ವಾಂತಿಯಾದರೆ "ಸ್ವಲ್ಪ ತೊಂದರೆ" ಎಂದೆ. ಅಕ್ಷರ ಮಾತ್ರ ಬಹಳ ಜೋಪಾನವಾಗಿ ಬರೆದೆ.

ಆ ತಿಂಗಳಲ್ಲಿ ಒಮ್ಮೆ ದೇವದುರ್ಗಕ್ಕೆ ಹೋಗಿದ್ದೆವು. ಅಜ್ಜಿ ಬಿಸಿ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ ಕಾಯುತ್ತಿದ್ದಳು.

"ಯವ್ವಾ, ಉಂಡು ಬಂದೀನಿ ಬೇ" ಎಂದಳು ಚಿಗವ್ವ.

"ಎಲ್ಲಿ ಉಂಡಿ? ಬಸ್ಸಿನ್ಯಾಗ ಡೀಜಲ್ ಕುಡ್ದಿ ಏನು? ಮಾರಿ ನೋಡು, ಕಡ್ಡಿಗೆ ಸೀರಿ ಸುತ್ತಿದಂಗ ಆಗೇದ. ಕಲ್ಲು ತೆಗದವರು ನಿನ್ನ ಹಸಿವೂ ತೆಗದು ಒಗದ್ರೇನು?"

ಅಜ್ಜಿ ತಾನೇ ತುತ್ತು ಮಾಡಿ ಬಾಯಿಗಿಟ್ಟಳು. ಹಡೆದವಳ ಕೈತುತ್ತನ್ನು ಹೇಗೆ ಬೇಡವೆನ್ನುವುದು? ಚಿಗವ್ವ ನಾಲ್ಕು ತುತ್ತು ನುಂಗಿ, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ನೀರಿನ ನಳ ಜೋರಾಗಿ ಬಿಟ್ಟದ್ದು ಕೇಳಿಸಿತು. ಅಜ್ಜಿಗೆ ಕೇಳದಿರಲೆಂದು ಬಿಟ್ಟದ್ದು ಅದು. ನಾನು ಪುಸ್ತಕದಲ್ಲಿ "ಎರಡು ರೊಟ್ಟಿ, ಪುಂಡಿಪಲ್ಯ. ಉಂಡಳು" ಎಂದು ಬರೆದೆ.

ಮೂವತ್ತು ದಿನ ಮುಗಿಯಿತು. ಚಿಗವ್ವ ಪುಸ್ತಕ ತೆರೆದೂ ನೋಡಲಿಲ್ಲ. "ನೀ ಬರದಿ ಅಂದ್ರ ಮುಗೀತು" ಎಂದು ಅದನ್ನು ಚೀಲಕ್ಕೆ ಹಾಕಿದಳು. ರಾಯಚೂರಿನಲ್ಲಿ ಡಾಕ್ಟರ್ ಕೋಣೆಯಲ್ಲಿ ಆ ಸರ್ಜನ್ನೂ ಇದ್ದರು. ಡಾಕ್ಟರ್ ಮೇಡಂ ಹಾಳೆ ತಿರುವುತ್ತ ಅವರಿಗೆ ಓದಿ ಹೇಳಿದರು. ಒಂದು ಬಟ್ಟಲು ಅನ್ನ. ಒಂದೂವರೆ ರೊಟ್ಟಿ. ಎರಡು ರೊಟ್ಟಿ. ಸರ್ಜನ್ ತೆಲುಗು ಬೆರೆತ ಕನ್ನಡದಲ್ಲಿ, ಇಷ್ಟು ಇಳಿಯುತ್ತಿದ್ದರೆ ಕೊಳವೆಯಿಂದ ತೊಂದರೆಯಿಲ್ಲ, ಇದಕ್ಕೆ ಮತ್ತೆ ಕೊಯ್ಯುವುದು ಬೇಡ, ತೂಕ ಇಳಿಯುವುದಕ್ಕೆ ಬೇರೆ ಕಾರಣ ಹುಡುಕಬೇಕು, ಬೇಕಾದರೆ ಮನಸ್ಸಿನ ಡಾಕ್ಟರಿಗೂ ತೋರಿಸಿ ಎಂದರು. ಅವರ ತಪ್ಪಿಲ್ಲ. ಪುಸ್ತಕ ಹೇಳಿದ್ದನ್ನೇ ಅವರು ಹೇಳಿದರು.

ಮೇಡಂ ಮಾತ್ರ ಚಿಗವ್ವನ ಕೈ ನೋಡುತ್ತಿದ್ದರು. "ಇದನ್ನ ಖರೇ ಬರದೀರಿ?" ಎಂದು ಕೇಳಿದರು. "ಯಾರು ಬರದದ್ದು?"

ನಾನು ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ತರಗತಿಯಲ್ಲಿ ಆದ ಹಾಗೆಯೇ ಆಯಿತು.

ಚಿಗವ್ವ ನನ್ನ ಕಡೆ ಒಂದು ಸಲ ನೋಡಿದಳು. "ನಾನ ಹೇಳಿ ಬರಿಸೀನ್ರಿ" ಎಂದಳು.

"ಇನ್ನೊಂದು ಹದಿನಾಲ್ಕು ದಿನ ಬರದು ತೊಗೊಂಡು ಬರ್ರಿ. ಆ ಸೋಮವಾರ ಸರ್ ಬರ್ತಾರ" ಎಂದರು ಮೇಡಂ.

ವಾಪಸು ಬರುವಾಗ ಬುರ್ಹಾನುದ್ದೀನ್ ಕಾಕಾನ ಬಸ್ಸೇ ಸಿಕ್ಕಿತು. "ಅರೇ ಮಲ್ಲಮ್ಮ, ಮೊದಲು ನೀ ಹತ್ತಿದ್ರ ಬಸ್ಸು ಸಲಾಮ್ ಹೊಡೀತಿತ್ತು. ಈಗ ಹತ್ತಿದ್ದು ಗಾಡಿಗೇ ಗೊತ್ತಾಗವಲ್ದು" ಎಂದರು. ಚಿಗವ್ವ ನಕ್ಕಳು. ಬೇರೆ ಕಂಡಕ್ಟರ್ ಟಿಕೆಟ್ ಕೊಡುತ್ತಿದ್ದ. ಆಕೆ ಪ್ರಯಾಣಿಕರ ಸೀಟಿನಲ್ಲಿ ಕುಳಿತರೂ, ಪ್ರತಿ ನಿಲ್ದಾಣದಲ್ಲಿ ಅವಳ ತುಟಿ ಅಲುಗುತ್ತಿತ್ತು. ಹತ್ತಿದವರು, ಇಳಿದವರು.

ಕುರ್ಡಿ ಕ್ರಾಸ್ ಹತ್ತಿರ ನನಗೆ ತಡೆಯಲಾಗಲಿಲ್ಲ. "ಚಿಗವ್ವ, ತುತ್ತು ಎಣಿಸಬಾರದು ಅಂತ ಅಜ್ಜಿ..." ಎಂದೆ. ಮುಂದೆ ಅಳು ಬಂತು.

ಚಿಗವ್ವ ಕಿಟಕಿಯ ಹೊರಗೆ ಭತ್ತದ ಗದ್ದೆ ನೋಡುತ್ತ ಹೇಳಿದಳು.

"ನಾ ದಪ್ಪ ಇದ್ದಾಗ ಎಲ್ಲಾರೂ ಎಣಿಸೋರು. ಮಲ್ಲಿ ಐದನೇ ರೊಟ್ಟಿಗೆ ಕೈ ಹಾಕಿದ್ಲು ನೋಡ್ರಿ, ಅಂತ. ಆಗ ಯಾರಿಗೂ ಪಾಪ ಹತ್ತಲಿಲ್ಲ. ಈಗ ಎಣಿಸೋರು ಬೇಕು ಅಂದ್ರ ಒಬ್ಬರೂ ಇಲ್ಲ."

ಕೈ ಚಾಚಿ ಹೊರಗೆ ತೋರಿಸಿದಳು. "ಇಲ್ಲೇ, ಈ ಕ್ರಾಸಿನ್ಯಾಗ, ಒಂದು ಸಲ ಬಸ್ಸು ಕೆಟ್ಟು ಎಲ್ಲಾರೂ ಇಳಿದ್ರು. ಹೊರಡಾಗ ಎಣಿಸಿದ್ರ ಒಂದು ತಲಿ ಕಮ್ಮಿ. ಬುರ್ಹಾನ್ ಭಾಯ್ ಬೈದ. ಹುಡುಕಿದ್ರ ಒಬ್ಬ ಮುದುಕಪ್ಪ ಗಿಡದ ಕೆಳಗ ಮಕ್ಕೊಂಡು ಗೊರಕಿ ಹೊಡ್ಯಾಕತ್ತಾನ! ಎಣಿಸಲಿಲ್ಲಂದ್ರ ಆ ಮುದುಕ ಅಲ್ಲೇ ಉಳೀತಿದ್ದ. ನಾ ಹದಿನಾರು ವರ್ಷ ಎಣಿಸೇ ಉಂಡೀನಿ. ನೀನೂ ಎಣಿಸು. ಕಣ್ಣು ಬಿದ್ರ ನನಗ ಬೀಳ್ಲಿ."

"ನನ್ನ ಹೆಸರು ಯಾಕ ಹೇಳಲಿಲ್ಲ?" ಎಂದೆ.

"ನಾನೂ ನಾಲ್ಕು ವರ್ಷ ಅದನ್ನ ಮಾಡೀನಿ. ನಿನ್ನ ಒಬ್ಬಾಕಿನ ಹೆಂಗ ಹಿಡಿದು ಕೊಡ್ಲಿ?"

ಆ ಸಂಜೆಯಿಂದಲೇ ಹೊಸ ಪುಸ್ತಕ. ನಾನು ಎದುರಿಗೇ ಕುಳಿತೆ. ಮೂರು. ಐದು. ನಾಲ್ಕು, ಅದರಲ್ಲಿ ಎರಡು ತಿರುಗಿ ಬಂತು. ರಾಗಿ ಗಂಜಿ ಅರ್ಧ ಲೋಟ, ಮುಕ್ಕಾಲು ಗಂಟೆ ಹಿಡಿಯಿತು. ಒಂದು ವಾರದ ಮೇಲೆ ನನಗೆ ಗೊತ್ತಾಯಿತು, ಇಡೀ ದಿನಕ್ಕೆ ಆಕೆಯ ಹೊಟ್ಟೆಯಲ್ಲಿ ನಿಲ್ಲುವುದು ಏಳೋ ಎಂಟೋ ತುತ್ತು. ಒಂದು ದಿನ ಮಾತ್ರ ಹನ್ನೊಂದು ನಿಂತವು. ಆ ದಿನ ಚಿಗವ್ವ ತಲೆಗೆ ಎಣ್ಣೆ ಹಚ್ಚಿಕೊಂಡು, ಒಗೆದ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ಮೊಳೆಗೆ ತೂಗುಹಾಕಿದಳು. ಮರುದಿನ ಮತ್ತೆ ನಾಲ್ಕು. ಯೂನಿಫಾರ್ಮು ಅಲ್ಲೇ ತೂಗುತ್ತಿದೆ.

ಆ ನಡುವಿನ ಭಾನುವಾರ ದೇವದುರ್ಗಕ್ಕೆ ಹೋದೆವು. ಅಜ್ಜಿ ಬಡಿಸಿದಳು. ನಾನು ಪುಸ್ತಕ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಅಜ್ಜಿಗೆ ಓದು ಬರುವುದಿಲ್ಲ, ಆದರೆ ನನ್ನ ಕಣ್ಣು ಎಲ್ಲಿದೆಯೆಂದು ಆಕೆಗೆ ಗೊತ್ತಾಯಿತು.

"ಏನ್ ಲೇ ಅದು? ಉಣ್ಣಾಕಿ ತುತ್ತು ಎಣಿಸಾಕತ್ತಿ? ನಿಮ್ಮವ್ವ ಇದನ್ನ ಕಲಿಸ್ಯಾಳೇನು?"

"ಎಣಿಸ್ಲಿ ಬಿಡವ್ವ. ನಾನ ಹೇಳೀನಿ" ಎಂದಳು ಚಿಗವ್ವ. ತಟ್ಟೆಯನ್ನು ಪಕ್ಕಕ್ಕಿಟ್ಟು ಎಲ್ಲ ಹೇಳಿದಳು. ಕಲ್ಲು ಇರಲಿಲ್ಲ. ಹೊಟ್ಟೆ ಕೊಯ್ಸಿದ್ದು ತೂಕ ಇಳಿಸಲು. ಈಗ ಬಹುಶಃ ಇನ್ನೊಮ್ಮೆ ಕೊಯ್ಸಬೇಕು.

ಅಜ್ಜಿ ಒಲೆಯ ಮುಂದೆ ಹಾಗೆಯೇ ಕುಳಿತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ತಿರುವಿ ಹಾಕಲಿಲ್ಲ.

"ನಾ ಹಡದ ಮೈ ಅದು. ಅದನ್ನ ಕೊಯ್ಸಿ ಒಗದು ಬಂದಿ, ನನಗ ಕಲ್ಲು ಅಂದಿ" ಎಂದಳು. "ನಾಲ್ಕು ವರ್ಷ ನಾ ತುರುಕಿ ತುರುಕಿ ಉಣಿಸೀನಿ. ನೀ ಹಿತ್ತಲಾಗ ಹೋಗಿ ಕಾರಿ ಬರ್ತಿದ್ದಿ. ಹೌದಲ್ಲೋ?"

ಅಜ್ಜಿ ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಳು. ಬೇರೆ ಸಲ ಬಸ್ ನಿಲ್ದಾಣದವರೆಗೆ ಬಂದು, ಚೀಲದಲ್ಲಿ ರೊಟ್ಟಿಯ ಗಂಟು ತುರುಕುತ್ತಿದ್ದವಳು ಈ ಸಲ ಬರಲಿಲ್ಲ. ನಾವು ಹೊರಟಾಗ ಕಟ್ಟೆಯಿಂದಲೇ, ನಮ್ಮ ಕಡೆ ನೋಡದೆ ನನ್ನನ್ನು ಕೇಳಿದಳು.

"ಎಷ್ಟಾತು?"

"ಮೂರು, ಅಜ್ಜಿ."

ಅಜ್ಜಿ ಸೆರಗು ಮುಖಕ್ಕೆ ಒತ್ತಿಕೊಂಡಳು. ಅಷ್ಟೇ. ಇದನ್ನು ಬರೆಯುವವರೆಗೂ ಆಕೆ ಫೋನು ಮಾಡಿಲ್ಲ. ನಾವು ಮಾಡಿದರೆ ಎತ್ತುತ್ತಿಲ್ಲ.

ನಿನ್ನೆ ಸಂಜೆ ಚಿಗವ್ವ ಗೋಡೆಗೆ ಒರಗಿ ಕುಳಿತು ನನ್ನ ಪುಸ್ತಕವನ್ನು ಮೊದಲ ಸಲ ಓದಿದಳು. ಬೆರಳಿಗೆ ಹಾಳೆ ಹತ್ತುವುದಿಲ್ಲ, ನಾನೇ ತಿರುವಿದೆ. ಎರಡನೆಯ ಆಪರೇಷನ್ ಮಾಡಿಸುತ್ತೀಯಾ ಎಂದು ಕೇಳಿದೆ.

"ಗೊತ್ತಿಲ್ಲ ಬೇ. ಮೊದಲನೇದಕ್ಕ ಹೋಗಾಗ ಹೆದರಿಕಿ ಇರಲಿಲ್ಲ, ಖುಷಿ ಇತ್ತು. ಸಣ್ಣಾಕಿ ಆಗ್ತೀನಿ, ಎಲ್ಲಾರ ಕೂಡ ಕುಂತು ಉಣ್ತೀನಿ ಅಂದ್ಕೊಂಡಿದ್ದೆ. ಈಗ ಸರಿಹೋಗ್ತದ ಅಂತ ಯಾರೂ ಬರದು ಕೊಡಂಗಿಲ್ಲ. ಅಲ್ಲೇ ಏನರೆ ಆದ್ರ, ಅವ್ವನ ಕೂಡ ಮಾತಾಡಲಾರದ ಹೋದೆ ಅಂತ ಆಗ್ತದ." ಪುಸ್ತಕವನ್ನು ನನ್ನ ಕಡೆ ಸರಿಸಿದಳು, "ಆದ್ರ ಏಳು ತುತ್ತಿನ ಮ್ಯಾಲೆ ಎಷ್ಟು ದಿನ ಇರ್ಲಿಕ್ಕಾಗ್ತದ, ನೀನ ಬರದೀಯಲ್ಲ. ಮೊದಲು ಅವರು ಖರೇದು ಓದ್ಲಿ. ಬಲೂನು ಅಂದ್ರ ಬಲೂನು. ಕೊಯ್ತೀವಿ ಅಂದ್ರ ಆಗ ನೋಡೂಣು."

ಆಕೆ ಕುಳಿತಲ್ಲೇ ನಿದ್ದೆ ಹೋದಳು. ಗೋಡೆಯಲ್ಲಿ ಆಕೆಯ ತಲೆ ಒರಗುವ ಕಡೆ ಸುಣ್ಣ ಎಣ್ಣೆಗೆ ಕಪ್ಪಾಗಿದೆ. ನಾನು ಆಕೆಯ ತಲೆಯ ಹಿಂದೆ ಒಂದು ಮಡಚಿದ ದುಪ್ಪಟಿ ಇಟ್ಟೆ.

ಹದಿನಾಲ್ಕು ದಿನ ಮುಗಿದವು. ಎರಡೂ ಪುಸ್ತಕ ಚೀಲದಲ್ಲಿವೆ. ಡಾಕ್ಟರ್ ಮುಂದೆ ಹೇಳಬೇಕಾದ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಬಾಗಿಲು ಹಾಕಿ ಜೋರಾಗಿ ಓದಿ ನೋಡಿದ್ದೇನೆ. ನಾಳೆ ಸೋಮವಾರ. ಬೆಳಗ್ಗೆ ಏಳು ಗಂಟೆಯ ಬಸ್ಸಿಗೆ ಚಿಗವ್ವನ ಜೊತೆ ರಾಯಚೂರಿಗೆ ಹೋಗುತ್ತೇನೆ. ಮೇಡಂ ಕೇಳುವ ಮೊದಲೇ ಎದ್ದು ನಿಂತು, ಮೊದಲನೆಯ ಪುಸ್ತಕದಲ್ಲಿರುವುದು ನಿಜವಲ್ಲ, ಅದನ್ನು ಬರೆದವಳು ನಾನು ಎಂದು ಹೇಳಿ, ಎರಡನೆಯದನ್ನು ಅವರ ಕೈಗೆ ಕೊಡುತ್ತೇನೆ.